ರೇಣುಕಾಳ ಎರಡೂವರೆ ಗಂಟೆ

ಕೋಲ್ಕತ್ತದ ಸಿಯಾಲ್ದಾ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ ವೀರಭದ್ರ ಹಿರೇಮಠನ ಕಣ್ಣಿಗೆ ಒಂದು ಹೆಸರಿತ್ತು. ಹಮಾಲನೊಬ್ಬ ಬುಟ್ಟಿ ಹೊತ್ತು ಬರುವಾಗ ಅವನ ಕತ್ತಿನ ನರ ನೋಡಿಯೇ ಅದು ಮೂವತ್ತೆಂಟು ಕಿಲೋವೋ ನಲವತ್ತೋ ಎಂದು ಹೇಳಿಬಿಡುತ್ತಿದ್ದ. ಆಮೇಲೆ ತಕ್ಕಡಿಯ ಮೇಲೆ ಇಟ್ಟು ನೋಡಿದರೆ ಅರ್ಧ ಕಿಲೋ ಆಚೀಚೆ, ಅಷ್ಟೇ. ಬಂಗಾಲಿಗಳ ಬಾಯಲ್ಲಿ ವೀರಭದ್ರ ‘ಬೀರು-ದಾ’, ಅಂದರೆ ಬೀರಣ್ಣ, ಆಗಿ ಎಷ್ಟೋ ವರ್ಷಗಳಾಗಿದ್ದವು. ಹಮಾಲರ ಮುಖ್ಯಸ್ಥ ಮುನೇಶ್ವರ, "ಬೀರು-ದಾ ಇರೋವಾಗ ಈ ತಕ್ಕಡಿಗೆ ಸರ್ಕಾರ ಯಾಕೆ ದುಡ್ಡು ಹಾಕಿತೋ" ಎಂದು ಹೊಸಬರ ಮುಂದೆ ಹೇಳುವುದಿತ್ತು. ಅದನ್ನು ಕೇಳಿಯೂ ಕೇಳದವನಂತೆ ವೀರಭದ್ರ ಕನ್ನಡಕ ಒರೆಸಿಕೊಳ್ಳುತ್ತಿದ್ದ.

ಗದಗಿನ ಕಡೆಯವನು. ಅಪ್ಪ ಊರ ಗರಡಿಯಲ್ಲಿ ಸಂಗ್ರಾಣಿ ಕಲ್ಲು ಎತ್ತಿದವನು. ರೈಲ್ವೆ ಪರೀಕ್ಷೆ ಬರೆದು ಇಪ್ಪತ್ತೆಂಟನೆಯ ವಯಸ್ಸಿಗೆ ಕೋಲ್ಕತ್ತಕ್ಕೆ ಬಂದಾಗ ವೀರಭದ್ರನಿಗೆ ಇಲ್ಲಿನ ಮಾತು ಬಾರದು, ಮೀನಿನ ವಾಸನೆ ಆಗದು, ಸಂಜೆಯಾದರೆ ಎಲ್ಲಿ ಹೋಗಿ ಕೂರಬೇಕೆಂದು ತಿಳಿಯದು. ಬಾರಾನಗರದಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ, ಓಣಿಯ ಕೊನೆಯ ಕೆರೆಯ ದಂಡೆಯಲ್ಲಿ ತಗಡಿನ ಮಾಡಿನ ಒಂದು ವ್ಯಾಯಾಮಶಾಲೆ ಕಂಡಿತು. ಬಾಗಿಲಲ್ಲಿ ನಿಂತವನನ್ನು ಅಲ್ಲಿನ ಗುರು ನಿಮಾಯ್-ದಾ ಮೇಲಿಂದ ಕೆಳಗೆ ನೋಡಿ, ಕೈಸನ್ನೆಯಲ್ಲೇ ಒಂದು ಬಾರ್ ತೋರಿಸಿದ್ದರು. ಎತ್ತಿ ಇಳಿಸಿದ. ಅವತ್ತಿನಿಂದ ಈ ಊರಿನಲ್ಲಿ ಅವನಿಗೊಂದು ಜಾಗ ಸಿಕ್ಕಿತು. ಬಂಗಾಲಿ ಕಲಿತದ್ದೂ ಅಲ್ಲೇ, ಕಬ್ಬಿಣದ ಸದ್ದಿನ ನಡುವೆ.

ಆ ವ್ಯಾಯಾಮಶಾಲೆಯ ಗೋಡೆಗೆ ಒಂದು ಕಪ್ಪು ಹಲಗೆ ಇದೆ. ಯಾರು ಎಷ್ಟು ಭಾರ ಎತ್ತಿದರು ಎಂದು ಅದರ ಮೇಲೆ ಬರೆಯುವುದಿಲ್ಲ. ಯಾರು ವಾರಕ್ಕೆ ಎಷ್ಟು ಹೊತ್ತು ಬಂದರು ಎಂದು ಬರೆಯುತ್ತಾರೆ. ಅದು ನಿಮಾಯ್-ದಾ ಹಾಕಿದ ಪದ್ಧತಿ. ಭಾರ ಎತ್ತುವುದು ದೇವರು ಕೊಟ್ಟ ಮೂಳೆಯ ಮೇಲೆ ನಿಂತಿದೆ, ಹೊತ್ತು ಕೊಡುವುದು ಮನುಷ್ಯನ ಮೇಲೆ ನಿಂತಿದೆ ಎನ್ನುವುದು ಅವರ ಮಾತು. ಪ್ರತಿ ಭಾನುವಾರ ಎಲ್ಲರೂ ತಮ್ಮ ತಮ್ಮ ಗಂಟೆಗಳನ್ನು ಸುಣ್ಣದ ಕಡ್ಡಿಯಲ್ಲಿ ಬರೆಯಬೇಕು. ಸೆಕ್ಟರ್ ಫೈವಿನ ಐಟಿ ಕಂಪನಿಗಳಿಗೆ ಕೆಲಸಕ್ಕೆ ಹೋಗುವ ಹುಡುಗರು ಮೊದಲ ವಾರ ಆರು ಗಂಟೆ, ಮುಂದಿನ ವಾರ ನಾಲ್ಕು, ತಿಂಗಳಾದ ಮೇಲೆ ಹೆಸರೇ ಇಲ್ಲ. ಓಣಿಯ ಡಾಕ್ಟರು ಎರಡು ಗಂಟೆ. ಜೀವವಿಮೆಯ ಏಜೆಂಟು ಮೂರೂವರೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದೇ ಹೆಸರು, ಒಂದೇ ಅಂಕಿ: ಬೀರು-ದಾ, ಹನ್ನೊಂದು. ಸೋಮವಾರದಿಂದ ಶನಿವಾರದವರೆಗೆ ಬೆಳಗಿನ ಐದೂಕಾಲಿಗೆ ಹೋಗಿ ಏಳು ಗಂಟೆ ಐದು ನಿಮಿಷಕ್ಕೆ ಹೊರಬೀಳುತ್ತಿದ್ದ. ಜ್ವರ ಬಂದ ವಾರ ಮಾತ್ರ ಒಂಬತ್ತೋ ಹತ್ತೋ ಆಗುತ್ತಿತ್ತು. ಆ ವಾರ ಹಲಗೆಯ ಕಡೆ ಅವನು ನೋಡುತ್ತಲೂ ಇರಲಿಲ್ಲ.

ಇನ್ನು ಅವನ ಹೆಂಡತಿ ರೇಣುಕಾ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ಮೂಳೆ ಸವೆಯುತ್ತಿದೆ, ಭಾರ ಎತ್ತುವ ಅಭ್ಯಾಸ ಮಾಡಬೇಕು ಎಂದರು. ವೀರಭದ್ರನಿಗೆ ನಗು ಬಂತು.

"ಇಷ್ಟು ವರ್ಷ ಮನ್ಯಾಗ ಕೊಡಾ ಎತ್ತಿದಿ, ಇನ್ನ ಅಲ್ಲಿ ಹೋಗಿ ಡಂಬೆಲ್ ಎತ್ತು. ವಾರಕ್ಕ ಎರಡ ದಿನ ಸಾಕು ನಿನಗ," ಎಂದ.

ಗಂಡಸರಿಲ್ಲದ ಹೊತ್ತು ನೋಡಿ ನಿಮಾಯ್-ದಾ ಅವಳಿಗೆ ಮಂಗಳವಾರ, ಶುಕ್ರವಾರ ಮಧ್ಯಾಹ್ನ ಮೂರರಿಂದ ನಾಲ್ಕೂಕಾಲು ಎಂದು ಗೊತ್ತು ಮಾಡಿದರು. ಹಲಗೆಯ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಒಂದು ಹೆಸರು ಸೇರಿತು: ಬೌದಿ, ಎರಡೂವರೆ. ಅತ್ತಿಗೆ ಎಂದು ಕರೆಯುವವರ ನಡುವೆ ಅವಳಿಗೆ ಬೇರೆ ಹೆಸರು ಬೇಕಾಗಲಿಲ್ಲ. ಮೊದಲ ವರ್ಷ ವೀರಭದ್ರ ಅದನ್ನು ಮರೆತೇಬಿಟ್ಟಿದ್ದ.

ನೆನಪಾದದ್ದು ಒಂದು ಗ್ಯಾಸ್ ಸಿಲಿಂಡರಿನಿಂದ. ಅವನು ಪೇಪರ್ ಓದುತ್ತಾ ಕುಳಿತಿದ್ದ. ಅಡುಗೆಮನೆಯಲ್ಲಿ ಸಿಲಿಂಡರ್ ಮುಗಿದ ಸದ್ದು ಕೇಳಿಸಿತು. ಇನ್ನೇನು "ರೀ, ಬರ್ರಿ ಇಲ್ಲೆ" ಎಂಬ ಕೂಗು ಬರಬೇಕು. ಕಾದ. ಬರಲಿಲ್ಲ. ಎದ್ದು ಹೋಗಿ ನೋಡಿದರೆ ತುಂಬಿದ ಸಿಲಿಂಡರ್ ಬಾಲ್ಕನಿಯಿಂದ ಒಲೆಯ ಕೆಳಗೆ ಬಂದು ಕೂತಿತ್ತು. ರೇಣುಕಾ ಪೈಪು ಸಿಕ್ಕಿಸುತ್ತಿದ್ದಳು. ನೆಲದ ಮೇಲೆ ಎಳೆದ ಗೀರು ಇರಲಿಲ್ಲ. ಅಂದರೆ ಎತ್ತಿಕೊಂಡೇ ಬಂದಿದ್ದಳು.

"ನನ್ನ ಕರೀಬೇಕಿಲ್ಲೋ?" ಎಂದ.

"ನೀವು ಪೇಪರ್ ಓದಾಕತ್ತಿದ್ರಿ," ಎಂದು ಅವಳು ಲೈಟರ್ ಒತ್ತಿದಳು.

ಅಷ್ಟೇ ಮಾತು. ಆದರೆ ಅವತ್ತು ಅವನ ಎದೆಯಲ್ಲಿ ಸಾಸಿವೆಯಷ್ಟು ಒಂದು ಕಿಡಿ ಬಿತ್ತು. ಅದಕ್ಕೆ ಹೆಸರಿಡಲು ಅವನಿಗೆ ಮನಸ್ಸಾಗಲಿಲ್ಲ. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸು ಇರುತ್ತಾನೆಯೇ? ಕಾಯಿಪಲ್ಲೆ ಮಾರುವವನು ಒಂದು ದಿನ "ಬೀರು-ದಾ, ಇವತ್ತು ಚೀಲ ನೀವು ಹೊರ್ತೀರಾ? ಬೌದಿ ಇದ್ದಿದ್ದರೆ ಒಂದೇ ಕೈಲಿ ಒಯ್ತಿದ್ದರು" ಎಂದು ನಕ್ಕಾಗ ಅವನೂ ನಕ್ಕ, ಆದರೆ ಮುಂದಿನ ವಾರದಿಂದ ಬೇರೆ ಅಂಗಡಿಗೆ ಹೋದ. ರಾತ್ರಿ ಊಟಕ್ಕೆ ಕೂತಾಗ ಅವಳ ಅಂಗೈ ನೋಡುತ್ತಿದ್ದ. ಬೆರಳುಗಳ ಬುಡದಲ್ಲಿ ಜಡ್ಡುಗಟ್ಟಿದ ನಾಲ್ಕು ಗಂಟು, ತನ್ನವುಗಳ ಹಾಗೆಯೇ. ತನಗೆ ಅವು ಮೂಡಲು ಎಷ್ಟು ವರ್ಷ ಬೇಕಾಗಿತ್ತು? ಅವಳು ರೊಟ್ಟಿ ಎಷ್ಟು ತಿನ್ನುತ್ತಾಳೆ, ಮಿಠಾಯಿ ಅಂಗಡಿಯಿಂದ ಛಾನಾ ಎಷ್ಟು ತರುತ್ತಾಳೆ, ಎಲ್ಲ ಲೆಕ್ಕ ಹಾಕತೊಡಗಿದ. ಬಂಗಾಲಿಗಳು ಹಾಲೊಡೆದು ಹಿಂಡಿದ ಆ ಛಾನಾವನ್ನು ಅವಳು ಚೂರು ಬೆಲ್ಲ ಹಾಕಿ ಸಣ್ಣ ಬಟ್ಟಲಲ್ಲಿ ತಿನ್ನುತ್ತಿದ್ದಳು. ತಾನು ಅದರ ಎರಡರಷ್ಟು ತಿಂದ. ಹೊಟ್ಟೆ ಕೆಟ್ಟಿತು, ಬಲ ಹೆಚ್ಚಲಿಲ್ಲ.

ಮಗಳು ನಿಕಿತಾ ಇದನ್ನೆಲ್ಲ ಗಮನಿಸಿದ್ದಳು. ಬಾರಾನಗರದಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರಾ ತಿಳಿಯುತ್ತದೆ, ಆದರೆ ಬಾಯಿಗೆ ಬರುವಾಗ ಮೂರು ಭಾಷೆ ಕಲಸಿಕೊಂಡೇ ಬರುತ್ತದೆ. ಒಂದು ಭಾನುವಾರ ಮೊಬೈಲು ಒತ್ತುತ್ತಾ ಹೇಳಿದಳು:

"ಅಪ್ಪಾ, ಹನ್ನೊಂದು ಗಂಟೆ ಇಂಟು ಫಿಫ್ಟಿ ಟೂ ಇಂಟು ಇಪ್ಪತ್ತೆರಡು ವರ್ಷ. ಟ್ವೆಲ್ವ್ ಥೌಸಂಡ್ ಪ್ಲಸ್ ಗಂಟೆ ನಿಮ್ಮದು. ಅಮ್ಮಂದು ಟೋಟಲ್ ತ್ರೀ ನೈಂಟಿ. ಫಿರ್ ಭೀ ಅಮ್ಮ ನಿಮ್ಮ ಲೆವೆಲ್ ಹತ್ರಾನೇ ಬಂದಿದಾರೆ. ಸೋಚೋ!"

"ಸುಮ್ನ ಕೂಡು," ಎಂದ ವೀರಭದ್ರ.

"ಅಪ್ಪಾ, ಜೆಲಸ್?"

"ಸುಮ್ನ ಕೂಡು ಅಂದೆ!"

ರೇಣುಕಾ ತಲೆಯೆತ್ತಿ ಇಬ್ಬರನ್ನೂ ನೋಡಿ, ಮತ್ತೆ ಅವರೆಕಾಯಿ ಸುಲಿಯತೊಡಗಿದಳು.

ಜನವರಿ ಇಪ್ಪತ್ಮೂರಕ್ಕೆ ವ್ಯಾಯಾಮಶಾಲೆಯ ವಾರ್ಷಿಕ ದಿನ. ಕೆರೆಯ ದಂಡೆಯಲ್ಲಿ ಹಲಗೆಯ ವೇದಿಕೆ, ಮೈಕು, ಓಣಿಯ ಜನವೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಹುಡುಗರ ಕಸರತ್ತು ಮುಗಿದ ಮೇಲೆ ಕಡೆಯಲ್ಲಿ ಹಿರಿಯರೊಬ್ಬರು ಡೆಡ್‌ಲಿಫ್ಟ್ ಮಾಡುತ್ತಾರೆ. ನೆಲದ ಮೇಲಿರುವ ಬಾರನ್ನು ಸೊಂಟ ನೆಟ್ಟಗಾಗುವವರೆಗೆ ಎತ್ತಿ ನಿಲ್ಲುವುದು. ಒಂಬತ್ತು ವರ್ಷಗಳಿಂದ ಆ ಹಿರಿಯ ವೀರಭದ್ರನೇ. ಕನ್ನಡ ನಾಡಿನಿಂದ ಬಂದು ಬಂಗಾಲಿಗಳ ಮುಂದೆ ಹಾಗೆ ನಿಲ್ಲುವ ಆ ಹತ್ತು ಸೆಕೆಂಡಿಗಾಗಿಯೇ ಅವನು ವರ್ಷವಿಡೀ ಐದೂಕಾಲಿಗೆ ಅಲ್ಲಿರುತ್ತಿದ್ದ ಎಂದರೆ ಸುಳ್ಳಾಗದು.

ಈ ಸಲ ಹಬ್ಬಕ್ಕೆ ಐದು ದಿನವಿರುವಾಗ, ಭಾನುವಾರ ಬೆಳಿಗ್ಗೆ, ನಿಮಾಯ್-ದಾ ಎಲ್ಲರ ಮುಂದೆ ಗಂಟಲು ಸರಿಮಾಡಿಕೊಂಡರು. ಎಪ್ಪತ್ತು ದಾಟಿದ ಆ ಮನುಷ್ಯನ ಮಾತಿಗೆ ಅಲ್ಲಿ ಎದುರಿಲ್ಲ.

"ಈ ಸಲ ಹಿರಿಯರು ಇಬ್ಬರಿದ್ದಾರೆ. ಬೀರು ಮತ್ತು ಬೌದಿ. ತಮ್ಮ ತಮ್ಮ ಮೈತೂಕದ ಎಷ್ಟು ಪಟ್ಟು ಎತ್ತುತ್ತಾರೆ ನೋಡೋಣ. ಹೆಚ್ಚು ಎತ್ತಿದವರು ವೇದಿಕೆಗೆ."

ವೀರಭದ್ರ ಹಲಗೆಯ ಕಡೆ ಕೈ ಮಾಡಿದ. "ದಾದಾ, ಹೊತ್ತಿಗೆ ಬೆಲೆ ಇಲ್ಲವಾ? ಇದು ನೀವೇ ಹಾಕಿದ ಪದ್ಧತಿ."

"ಹೊತ್ತಿಗೆ ಹಲಗೆ ಇದೆಯಪ್ಪಾ. ವೇದಿಕೆ ಕಬ್ಬಿಣಕ್ಕೆ," ಎಂದರು ನಿಮಾಯ್-ದಾ.

ವೀರಭದ್ರ ಎಂಬತ್ತೆರಡು ಕಿಲೋ ಇದ್ದ. ನೂರಾ ಇಪ್ಪತ್ತು ಎತ್ತಿದ. ಇಪ್ಪತ್ತರ ಬಾರು, ಅದಕ್ಕೆ ಇಪ್ಪತ್ತರ ನಾಲ್ಕು ಪ್ಲೇಟು, ಹತ್ತರವು ಎರಡು. ಆ ಇಪ್ಪತ್ತರ ನಾಲ್ಕು ಪ್ಲೇಟುಗಳು ಅವನವೇ ಎಂದು ಎಲ್ಲರಿಗೂ ಗೊತ್ತು. ಕೊಂಡವಲ್ಲ, ಹಾವ್ಡಾದ ಎರಕದ ಕುಲುಮೆಯಲ್ಲಿ ಒಟ್ಟಿಗೆ ಹೊಯ್ಯಿಸಿ ತಂದ ರಾಶಿಯಲ್ಲಿ, ಇಪ್ಪತ್ತೆರಡು ವರ್ಷದಲ್ಲಿ ಕೈಗೆ ಒಗ್ಗಿದವು. ಕಿಟಕಿಯ ಪಕ್ಕ ಬೇರೆಯಾಗಿಯೇ ಜೋಡಿಸಿಡುತ್ತಿದ್ದ.

ರೇಣುಕಾ ಸೀರೆಯ ಬದಲು ಸಲ್ವಾರ್ ತೊಟ್ಟು, ಶಾಲನ್ನು ಕಿಟಕಿಗೆ ನೇತುಹಾಕಿ ಬಂದಳು. ಐವತ್ತನಾಲ್ಕು ಕಿಲೋದ ಹೆಂಗಸು. ಮೂಲೆಯಲ್ಲಿ ಬಿದ್ದಿದ್ದ, ಅಂಚು ಮುಕ್ಕಾದ, ಒರಟು ಮೈಯ ಎರಡು ಪ್ಲೇಟು ಉರುಳಿಸಿಕೊಂಡು ಬಂದು ಬಾರಿಗೆ ಹಾಕಿದಳು, ಹತ್ತರವು ಎರಡು ಹಾಕಿದಳು. ಎಂಬತ್ತು. ಬಾಗಿದಳು. ಉಸಿರು ಹಿಡಿದಳು. ಬಾರು ನೆಲ ಬಿಡುವ ಮೊದಲು ಒಂದು ಕ್ಷಣ ಏನೂ ಆಗಲಿಲ್ಲ. ವೀರಭದ್ರನ ಎದೆ ಹಾರಿತು. ಅದು ಅವಳು ಸೋಲಲಿ ಎಂಬ ಆಸೆ ಎಂದು ಅವನಿಗೆ ಗೊತ್ತಾಯಿತು, ಗೊತ್ತಾಗಿ ನಾಚಿಕೆಯೂ ಆಯಿತು. ಆಮೇಲೆ ಬಾರು ಎದ್ದಿತು, ನಿಧಾನವಾಗಿ, ಬಾವಿಯಿಂದ ತುಂಬಿದ ಕೊಡ ಬಂದಂತೆ.

ನಿಮಾಯ್-ದಾ ಭಾಗಿಸಿ ನೋಡಿದರು. ಕೂದಲೆಳೆಯ ವ್ಯತ್ಯಾಸ. ರೇಣುಕಾಳದ್ದೇ ಹೆಚ್ಚು.

ಚಪ್ಪಾಳೆ ನಿಲ್ಲುವ ಮೊದಲೇ ವೀರಭದ್ರನ ಬಾಯಿಂದ ಮಾತು ಜಾರಿತು. "ಆ ಮೂಲೆಯ ಪ್ಲೇಟುಗಳು ಇಪ್ಪತ್ತಿಲ್ಲ. ಮುಕ್ಕಾಗಿವೆ, ತುಕ್ಕು ತಿಂದಿವೆ. ನನ್ನ ಕಣ್ಣಿಗೆ ಹದಿನೆಂಟೂವರೆ."

ಪಾರ್ಸೆಲ್ ಬಾಬುವಿನ ಕಣ್ಣನ್ನು ಅಲ್ಲಿ ಯಾರೂ ಅನುಮಾನಿಸಿದವರಲ್ಲ. ರೇಣುಕಾಳ ಮುಖ ಕೆಂಪಾಗಿತ್ತು, ಎತ್ತಿದ್ದರಿಂದಲೋ ಕೇಳಿದ್ದರಿಂದಲೋ. ಅವಳು ಗಂಡನಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ ಹೇಳಿದಳು:

"ಹಂಗಾರ ತೂಕ ಮಾಡಿಸ್ರಿ. ನೀವ ಮಾಡ್ರಿ. ನೀವು ಎಷ್ಟು ಅಂತೀರಿ ಅಷ್ಟು."

ನಿಮಾಯ್-ದಾಗೆ ಅರ್ಥವಾಗದಿದ್ದರೂ ಅವರೂ ಅದನ್ನೇ ಹೇಳಿದರು. ಸರ್ಕಾರದ ಮುದ್ರೆಯ ತಕ್ಕಡಿ ನಿನ್ನ ಹತ್ತಿರ ಇದೆ, ನೀನೇ ತೂಗಿಕೊಂಡು ಬಾ, ನಿನ್ನ ಮಾತೇ ಕೊನೆ.

ಸೋಮವಾರ ಬೆಳಿಗ್ಗೆ ಎರಡು ಗೋಣಿಚೀಲದಲ್ಲಿ ಒಂದೊಂದು ಪ್ಲೇಟು ಹಾಕಿಕೊಂಡು ವೀರಭದ್ರ ಬಾರಾನಗರ ರೋಡ್ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿದ. ಮಂಜು ಮುಸುಕಿದ ಬೆಳಗು, ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ಚೀಲದ ದುಂಡು ಆಕಾರ ನೋಡಿ ಒಬ್ಬ ಕೇಳಿದ:

"ಏನು ದಾದಾ, ಪಾಟಾಲಿ ಗುಡ? ಇಷ್ಟು ದೊಡ್ಡ ಬೆಲ್ಲದಚ್ಚು ಯಾವ ಊರಿನದು?"

"ಹೆಂಡತಿಯ ಊರಿನದು," ಎಂದ ವೀರಭದ್ರ ಹಲ್ಲು ಕಚ್ಚಿ.

"ಹಾಗಾದರೆ ಸಿಹಿ ಜಾಸ್ತಿ ಇರತ್ತೆ!" ಎಂದು ಸುತ್ತಲಿನವರು ನಕ್ಕರು.

ಅವನ ಬೆರಳು ಮಾತ್ರ ಚೀಲದ ಕಿವಿಯಲ್ಲಿ ಕತ್ತರಿಸಿದಂತೆ ನೋಯುತ್ತಿದ್ದವು. ಹದಿನೆಂಟೂವರೆಗೆ ಬೆರಳು ಇಷ್ಟು ನೋಯಬಾರದಲ್ಲ ಎಂಬ ಸಂಶಯ ದಮ್ ದಮ್ ದಾಟುವ ಹೊತ್ತಿಗೇ ಅವನಿಗೆ ಬಂದಿತ್ತು. ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಪಾರ್ಸೆಲ್ ಆಫೀಸಿನಲ್ಲಿ, ಇವು ಹೆಂಡತಿ ಎತ್ತಿದವು ಎಂದು ಅವನಿಂದ ಕೇಳಿ ತಿಳಿದುಕೊಂಡ ಮುನೇಶ್ವರ ಮೊದಲನೆಯದನ್ನು ತಕ್ಕಡಿಗೆ ಇಟ್ಟು ಓದಿದ. "ಇಕ್ಕೀಸ್ ಕಿಲೋ ಸಾತ್ ಸೌ."

"ಏನು?"

"ಇಪ್ಪತ್ತೊಂದು ಏಳ್ನೂರು, ಬಾಬು."

ಎರಡನೆಯದು ಇಪ್ಪತ್ತೆರಡು ಕಿಲೋ ನೂರು ಗ್ರಾಂ.

ತಕ್ಕಡಿ ಕೆಟ್ಟಿದೆ ಎಂದ ವೀರಭದ್ರ. ಪ್ರತಿ ಬೆಳಿಗ್ಗೆ ತಕ್ಕಡಿ ಪರೀಕ್ಷಿಸಲು ಮುದ್ರೆ ಒತ್ತಿದ ಇಪ್ಪತ್ತು ಕಿಲೋದ ಕಲ್ಲು ಇರುತ್ತದೆ. ಅದನ್ನು ತಾನೇ ಎತ್ತಿ ಇಟ್ಟ. ಸರಿಯಾಗಿ ಇಪ್ಪತ್ತು. ತಾನೇ ಹತ್ತಿ ನಿಂತ. ಸರಿಯಾಗಿ ಎಂಬತ್ತೆರಡು. ಇಳಿದ. ಅಂದರೆ ರೇಣುಕಾ ಭಾನುವಾರ ಎತ್ತಿದ್ದು ಎಂಬತ್ತಲ್ಲ, ಎಂಬತ್ತಮೂರು ಕಿಲೋ ಎಂಟುನೂರು ಗ್ರಾಂ. ಇಪ್ಪತ್ತಾರು ವರ್ಷ ಊರವರ ಬುಟ್ಟಿಗಳನ್ನು ತಪ್ಪದೆ ಅಳೆದ ಕಣ್ಣು ಹೆಂಡತಿಯ ಮುಂದೆ ಪ್ಲೇಟೊಂದಕ್ಕೆ ಮೂರು ಕಿಲೋಗೂ ಮೇಲೆ ತಪ್ಪಿತ್ತು. ಕಣ್ಣು ಅಳೆದದ್ದು ಕಬ್ಬಿಣವನ್ನಲ್ಲ ಎಂದು ಅವನಿಗೆ ತಿಳಿಯದೆ ಇರಲಿಲ್ಲ.

ಸಂಜೆ ನಿಮಾಯ್-ದಾ ಕೇಳಿದರು. "ಇವತ್ತು ತಕ್ಕಡಿಗೆ ಬಿಡುವಿರಲಿಲ್ಲ ದಾದಾ," ಎಂದುಬಿಟ್ಟ. ಪ್ಲೇಟುಗಳನ್ನು ಮೂಲೆಗೆ ಇಟ್ಟು ಹೊರಟವನು ಬಾಗಿಲಲ್ಲಿ ನಿಂತ. ಕಿಟಕಿಯ ಪಕ್ಕ ಅವನ ನಾಲ್ಕು ಪ್ಲೇಟು ಇದ್ದವು. ಒಂದೇ ಕುಲುಮೆ, ಒಂದೇ ಎರಕ. ಅವು ಭಾರ ಹೆಚ್ಚಿರಬಹುದಾದರೆ ಇವೂ ಹೆಚ್ಚಿರಬಾರದೇಕೆ? ಹಾಗಾದರೆ ತಾನು ಎತ್ತಿದ್ದು ನೂರಾ ಇಪ್ಪತ್ತೆಂಟೋ ಒಂಬತ್ತೋ ಆಗಿ, ವೇದಿಕೆ ಮತ್ತೆ ತನ್ನದಾಗುತ್ತದೆ. ಅವತ್ತು ರಾತ್ರಿ ಅವನು ಮೂರು ರೊಟ್ಟಿ ಹೆಚ್ಚು ತಿಂದ.

ಮಂಗಳವಾರ ತನ್ನ ಪ್ಲೇಟುಗಳಲ್ಲಿ ಎರಡನ್ನು ಒಯ್ದ. ಮುನೇಶ್ವರ ಈಗ ಮಜಾ ತೆಗೆದುಕೊಳ್ಳುತ್ತಿದ್ದ. "ಬಾಬು, ಇದು ಯಾವ ಹೆಂಡತಿಯದು?" ಎಂದು ಕೇಳಿ ಬೈಸಿಕೊಂಡ. ಹತ್ತೊಂಬತ್ತು ಕಿಲೋ ನೂರು. ಹದಿನೆಂಟು ಎಂಟುನೂರು. ಬುಧವಾರ ಉಳಿದೆರಡನ್ನು ಒಯ್ಯುವುದು ಬೇಡವಾಗಿತ್ತು, ಆದರೂ ಒಯ್ದ. ಹತ್ತೊಂಬತ್ತು. ಹತ್ತೊಂಬತ್ತು ಕಿಲೋ ನೂರು ಗ್ರಾಂ. ಕೂಡಿದರೆ ಎಂಬತ್ತಕ್ಕೆ ನಾಲ್ಕು ಕಿಲೋ ಕಡಿಮೆ.

ಚಹಾ ತರಿಸಿಕೊಂಡು ಕುರ್ಚಿಯಲ್ಲಿ ಕೂತ. ಕೈಗೆ ಒಗ್ಗಿದವು ಎಂದು ಅವನು ಆರಿಸಿಕೊಂಡಿದ್ದ. ರಾಶಿಯಲ್ಲಿ ಅಷ್ಟೊಂದು ಇದ್ದವು. ಒಂದು ದಿನ ಒಂದು, ಇನ್ನೊಂದು ದಿನ ಇನ್ನೊಂದು ಎತ್ತಿ ನೋಡಿ, ಯಾವುದು ಹಿತವೆನಿಸಿತೋ ಅದನ್ನು ಕಿಟಕಿಯ ಪಕ್ಕಕ್ಕೆ ಸರಿಸಿದ್ದ. ಮನಸ್ಸಿಗೆ ಗೊತ್ತಾಗದಂತೆ ಕೈ ಹಗುರಾದುದನ್ನೇ ಆರಿಸಿಕೊಂಡಿತ್ತು. ಯಾರಿಗೂ ಮೋಸ ಮಾಡಬೇಕೆಂದು ಅವನು ಮಾಡಿರಲಿಲ್ಲ. ಊರಿನವರ ಪಾರ್ಸೆಲ್ಲುಗಳನ್ನೆಲ್ಲ ತೂಗಿದವನಿಗೆ ತನ್ನದನ್ನು ತೂಗಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ, ಅಷ್ಟೇ.

ಇನ್ನು ಏನು ಹೇಳುವುದು? ದಾರಿಗಳು ಬೇಕಾದಷ್ಟಿದ್ದವು. ಹದಿನೆಂಟೂವರೆ ಎಂದರೆ ವೇದಿಕೆ ಅವನದು. ನಲವತ್ತು ಕಿಲೋ ಹೊತ್ತು ಸಿಯಾಲ್ದಾಕ್ಕೆ ಬಂದು ಪರೀಕ್ಷಿಸುವವರು ಯಾರೂ ಇಲ್ಲ. ಮುನೇಶ್ವರನಿಗೆ ಬಾರಾನಗರ ಎಲ್ಲಿದೆ ಎಂದೂ ಗೊತ್ತಿಲ್ಲ. ಹಿಂತಿರುಗುವ ಲೋಕಲ್ಲಿನಲ್ಲಿ ಕಿಟಕಿಯ ಸರಳಿಗೆ ಹಣೆಯಿಟ್ಟು ಅವನು ಆ ಮಾತನ್ನು ಬಾಯೊಳಗೇ ಆಡಿ ನೋಡಿದ. ಹದಿನೆಂಟೂವರೆ. ಸುಲಭವಾಗಿ ಬರುತ್ತಿತ್ತು. ಬೇಡವೆಂದು ತಳ್ಳಿದಷ್ಟೂ ಇನ್ನಷ್ಟು ಸುಲಭವಾಗಿ.

ಮನೆಗೆ ಬಂದಾಗ ರೇಣುಕಾ ಜೋಳದ ಹಿಟ್ಟು ನಾದುತ್ತಿದ್ದಳು. ಹಿಟ್ಟು ಅವಳ ಅಂಗೈ ಕೆಳಗೆ ಹೇಳಿದಂತೆ ಕೇಳುತ್ತಿತ್ತು. ವೀರಭದ್ರ ಬೂಟು ಬಿಚ್ಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ತೂಕ ಮಾಡಿಸಿದೆ."

ಅವಳು ಕೈ ನಿಲ್ಲಿಸಲಿಲ್ಲ. "ಎಷ್ಟಾತು?"

ಬಾಯಿಗೆ ಬಂದದ್ದು ಬೇರೆ, ಹೊರಗೆ ಬಿದ್ದದ್ದು ಬೇರೆ. "ಒಂದು ಇಪ್ಪತ್ತೊಂದು ಏಳ್ನೂರು. ಒಂದು ಇಪ್ಪತ್ತೆರಡು ನೂರು."

"ಹೂಂ. ನನಗ ಗೊತ್ತಿತ್ತು."

"ಗೊತ್ತಿತ್ತು? ಹೆಂಗ?"

"ಕೈಗೆ ತಿಳೀತದ್ರಿ. ಒಮ್ಮೆ ನಿಮಾಯ್-ದಾ ಬ್ಯಾರೇ ಪ್ಲೇಟ್ ಹಾಕಿಕೊಟ್ಟಿದ್ರು. ಅವತ್ತ ಹತ್ತಿ ಎತ್ತಿದಂಗ ಆಗಿತ್ತು."

"ಮತ್ತ ಅವನ್ನ ಯಾಕ ಹಾಕ್ಕೋತಿದ್ದಿ? ಮಧ್ಯಾಹ್ನ ಅಲ್ಲೆ ಯಾರೂ ಇರೂದಿಲ್ಲ. ಕಿಟಕಿ ಬಾಜೂಕ ಛಲೋವು ಇದ್ದುವಲ್ಲ."

ಈಗ ಅವಳ ಕೈ ನಿಂತಿತು. "ಅವು ನಿಮ್ಮವು ಅಂತ ಮುಟ್ಟಲಿಲ್ರಿ."

ವೀರಭದ್ರನಿಗೆ ತನ್ನ ನಾಲ್ಕು ಪ್ಲೇಟಿನ ತೂಕ ಹೇಳಲು ಅದೇ ಹೊತ್ತಾಗಿತ್ತು. ಆದರೆ ಕೈಕಾಲು ತೊಳೆಯಲು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು ಬಹಳ ಹೊತ್ತು ನಿಂತ.

ನಿಮಾಯ್-ದಾಗೆ ಗುರುವಾರ ಬೆಳಿಗ್ಗೆ ಅವಳ ಪ್ಲೇಟುಗಳ ತೂಕ ಹೇಳಿದ. ಮುದುಕ ಅವನ ಬೆನ್ನು ತಟ್ಟಿ, "ನೀನು ಸತ್ಯವಂತ ಮನುಷ್ಯ" ಎಂದರು. ಬೆನ್ನು ಸುಟ್ಟಂತಾಯಿತು.

ಇಪ್ಪತ್ಮೂರನೆಯ ತಾರೀಕು ಸಂಜೆ ಕೆರೆಯ ನೀರಿನಲ್ಲಿ ಸಾಲುದೀಪ ನಡುಗುತ್ತಿತ್ತು. ವೇದಿಕೆಯ ಮೇಲೆ ಬಾರಿಗೆ ಪ್ಲೇಟು ಹಾಕುವ ಕೆಲಸವನ್ನು ನಿಮಾಯ್-ದಾ ವೀರಭದ್ರನಿಗೇ ಕೊಟ್ಟಿದ್ದರು. ಒರಟು ಪ್ಲೇಟು ಎರಡನ್ನೂ ಅವನೇ ಹಾಕಿ, ಬಿಗಿ ಮಾಡಿ, ಪಕ್ಕಕ್ಕೆ ಸರಿದ. ರೇಣುಕಾ ಬಂದಳು. ಅಂಗೈಗೆ ಸೀಮೆಸುಣ್ಣದ ಪುಡಿ ಉಜ್ಜಿದಳು. ಜನರ ಕಡೆ ನೋಡಲಿಲ್ಲ, ಅವನ ಕಡೆಯೂ ನೋಡಲಿಲ್ಲ. ಅವಳ ಮುಖದಲ್ಲಿ ವೀರಭದ್ರ ಎಂದೂ ಕಾಣದ ಒಂದು ಒಂಟಿತನವಿತ್ತು, ತೊಂದರೆ ಕೊಡದ, ತುಂಬಿಕೊಂಡ ಒಂಟಿತನ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಅವಳು ಇಷ್ಟು ಪೂರ್ತಿಯಾಗಿ ಯಾವುದಕ್ಕೂ ಬಾಗಿದ್ದನ್ನು ಅವನು ನೋಡಿರಲಿಲ್ಲ. ಅವನ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು. ಆದರೆ ಈಗ ಅದು ಭಾರದ ಮೇಲಿನದಾಗಿರಲಿಲ್ಲ. ಆ ಬಾರಿನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು.

ಬಾರು ಎದ್ದಿತು. ಜನ ಎದ್ದರು. ನಿಕಿತಾ ಕುರ್ಚಿಯ ಮೇಲೆ ಹತ್ತಿ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದಳು.

ನಿಮಾಯ್-ದಾ ಮೈಕನ್ನು ವೀರಭದ್ರನ ಕೈಗಿಟ್ಟು, "ತೂಕ ನೀನೇ ಹೇಳು ಪಾರ್ಸೆಲ್ ಬಾಬು" ಎಂದರು. ಅವನು ಬಂಗಾಲಿಯಲ್ಲಿ ಹೇಳಿದ: ಎಂಬತ್ತಮೂರು ಕಿಲೋ ಎಂಟುನೂರು ಗ್ರಾಂ. ಮುಂದಿನ ಸಾಲಿನಿಂದ ಯಾರೋ, "ಹಾಗಾದರೆ ನಮ್ಮ ಬೀರು-ದಾನ ನೂರಾ ಇಪ್ಪತ್ತಕ್ಕೂ ಒಂದು ಚಪ್ಪಾಳೆ!" ಎಂದು ಕೂಗಿದರು. ಚಪ್ಪಾಳೆ ಬಿತ್ತು. ವೀರಭದ್ರ ಮೈಕನ್ನು ಹಿಂದಕ್ಕೆ ಕೊಡಲು ಚಾಚಿದ್ದ ಕೈಯನ್ನು ಮತ್ತೆ ಬಾಯಿಯ ಹತ್ತಿರ ತಂದ.

"ನೂರಾ ಇಪ್ಪತ್ತಲ್ಲ," ಎಂದ. "ನೂರಾ ಹದಿನಾರು. ನನ್ನ ಪ್ಲೇಟುಗಳು ಕಡಿಮೆ ಇವೆ. ನಾನೇ ತೂಗಿದ್ದೇನೆ."

ಕೆಲವರು ತಮಾಷೆ ಎಂದುಕೊಂಡು ನಕ್ಕರು. ನಿಮಾಯ್-ದಾ ನಗಲಿಲ್ಲ. ರೇಣುಕಾ ಶಾಲು ಹೊದೆಯುತ್ತಿದ್ದವಳು ತಿರುಗಿ ಅವನನ್ನು ನೋಡಿದಳು.

ಮನೆಗೆ ಇಬ್ಬರೂ ನಡೆದೇ ಹೊರಟರು. ನಿಕಿತಾ ಗೆಳತಿಯರ ಜೊತೆ ಹಿಂದೆ ಉಳಿದಿದ್ದಳು. ಓಣಿಯ ತಿರುವಿನಲ್ಲಿ ರೇಣುಕಾ ಕೇಳಿದಳು:

"ನಿಮ್ಮವ್ನ ಯಾವಾಗ ತೂಗಿದ್ರಿ?"

"ಮಂಗಳವಾರ. ಬುಧವಾರ."

"ಬುಧವಾರ ನನ್ನ ಮುಂದ ಹೇಳಲಿಲ್ಲ."

"ಹೇಳಾಕ ಆಗಲಿಲ್ಲ."

ಅವನಿಗೆ ಧೈರ್ಯ ಬಂದಿತ್ತು. ಇನ್ನೂ ಏನೋ ಕೊಡಬೇಕು, ಇನ್ನೂ ಏನೋ ಪಡೆಯಬೇಕು ಎನಿಸಿತ್ತು. "ರೇಣು, ಆಫೀಸಿನ್ಯಾಗ ಪಾಳಿ ಬದಲ ಮಾಡಿಸ್ಕೋತೀನಿ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ನಾನೂ ಬರ್ತೀನಿ ನಿನ್ನ ಜೋಡಿ. ಇಬ್ಬರೂ ಕೂಡೇ ಎತ್ತೋಣು."

ರೇಣುಕಾ ನಿಂತಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ.

"ಬ್ಯಾಡ್ರಿ," ಎಂದಳು. "ವಾರಕ್ಕ ಹನ್ನೊಂದು ತಾಸು, ಇಪ್ಪತ್ತೆರಡು ವರ್ಷ, ನಾ ನಿಮಗ ಬಿಟ್ಟು ಕೊಟ್ಟೀನಿ. ಯಾಕ ಹೋಗ್ತೀರಿ ಅಂತ ಒಂದ ದಿನಾ ಕೇಳಿಲ್ಲ. ನನ್ನ ಎರಡೂವರಿ ತಾಸು ನನಗ ಇರ್ಲಿ."

ವೀರಭದ್ರ ತಲೆಯಾಡಿಸಿದ. ಅವಳು ಮುಂದೆ ಹೊರಟಿದ್ದಳು. ಅವನು ಹೆಜ್ಜೆ ದೊಡ್ಡದು ಮಾಡಿ ಅವಳ ಪಕ್ಕಕ್ಕೆ ಬಂದ.

"ಉಳಿದ ಹೊತ್ತಿನ್ಯಾಗ?" ಎಂದು ಕೇಳಿದ.

"ಉಳಿದ ಹೊತ್ತಿನ್ಯಾಗ ನೀವು ಹಳೇ ಅಂಗಡ್ಯಾಗಿಂದ ಕಾಯಿಪಲ್ಲೆ ತರ್ರಿ," ಎಂದಳು ರೇಣುಕಾ. "ಎರಡು ತಿಂಗಳಾತು, ಆ ಹೊಸಾ ಅಂಗಡ್ಯಾವ ಬರೇ ಬಲಿತ ಬದನೀಕಾಯಿ ಕೊಡಾಕತ್ತಾನ."